ಕಲ್ಲು ಎಷ್ಟು ಬೆಂದಿತ್ತು, ಯಾವಾಗ ಬೆಂದಿತ್ತು?

ಗಣೇಶಪುರಿಯ ಬಿಸಿನೀರಿನ ಕುಂಡಕ್ಕೆ ಕಾಲಿಟ್ಟ ಕೂಡಲೇ ಭಾವ ಹೌಹಾರಿ ಹಿಂದೆ ಸರಿದರು. "ಎಂಥದು ಮಾರಾಯ, ಇಡ್ಲಿ ಪಾತ್ರೆಯ ನೀರಿನ ಹಾಗಿದೆ!" ಭಾವ ಮುಲುಂಡ್‌ನಲ್ಲಿ ಹೋಟೆಲ್ ನಡೆಸುವವರು. ಲೋಕದ ಬಿಸಿಯನ್ನೆಲ್ಲ ಅವರು ಅಳೆಯುವುದೇ ಇಡ್ಲಿ ಪಾತ್ರೆಯಲ್ಲಿ. ಮುಂಬೈಯಲ್ಲಿರುವ ನಮ್ಮ ಕರಾವಳಿಯ ಕಡೆಯವರಿಗೆ ನಿತ್ಯಾನಂದ ಸ್ವಾಮಿಗಳ ಗಣೇಶಪುರಿ ಹೊಸ ಜಾಗವಲ್ಲ. ಹೋಗುತ್ತೇವೆ, ಕೈಮುಗಿಯುತ್ತೇವೆ, ಬಿಸಿನೀರಿಗೆ ಕಾಲು ಇಳಿಬಿಡುತ್ತೇವೆ, ಬರುತ್ತೇವೆ. ಆ ದಿನ ಭಾವ ಒಂದು ಪ್ರಶ್ನೆ ಕೇಳಿದರು. "ಇಲ್ಲಿ ಹಿಂದೆ ಲಾವಾ ಹರಿದಿತ್ತು ಅಂತ ನೀನೇ ಹೇಳ್ತಿದ್ದೆಯಲ್ಲ, ಇದು ಅದರದ್ದೇ ಬಿಸಿಯಾ?"

ಅಲ್ಲ. ಮುಂಬೈ ಸುತ್ತಮುತ್ತಲಿನ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷ ಹಳೆಯದು. ಕಲ್ಲಿನಲ್ಲಿ ಬಿಸಿ ಬಹಳ ನಿಧಾನಕ್ಕೆ ಚಲಿಸುತ್ತದೆ, ನಿಜ. ಆದರೆ ಅಷ್ಟೊಂದು ನಿಧಾನಕ್ಕಲ್ಲ. 10 ಮೀಟರ್ ದಪ್ಪದ ಕಲ್ಲನ್ನು ಬಿಸಿ ದಾಟಲು ಅಂದಾಜು 3 ವರ್ಷ ಬೇಕು. ದಪ್ಪ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುತ್ತದೆ. 1 ಕಿಲೋಮೀಟರಿಗೆ ಸುಮಾರು 30 ಸಾವಿರ ವರ್ಷ, 2 ಕಿಲೋಮೀಟರಿಗೆ ಒಂದೂಕಾಲು ಲಕ್ಷ. 6.6 ಕೋಟಿಯ ಮುಂದೆ ಇದೆಲ್ಲ ಯಾವ ಲೆಕ್ಕ? ಆ ಲಾವಾ ಯಾವತ್ತೋ ತಣ್ಣಗಾಗಿದೆ. ಗಣೇಶಪುರಿ, ವಜ್ರೇಶ್ವರಿಯ ಬಿಸಿನೀರು ಮಳೆಯ ನೀರೇ. ಕಲ್ಲಿನ ಬಿರುಕು ಹಿಡಿದು ಆಳಕ್ಕೆ ಇಳಿಯುತ್ತದೆ, ಅಲ್ಲಿನ ಮಾಮೂಲಿ ಬಿಸಿಯಲ್ಲಿ ಕಾಯುತ್ತದೆ, ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ.

"ಹಾಗಾದರೆ ಈಗ ತಣ್ಣಗಿರುವ ಕಲ್ಲು ಹಿಂದೆ ಬಿಸಿಯಾಗಿತ್ತು ಅಂತ ನಿನಗೆ ಹೇಗೆ ಗೊತ್ತಾಗುವುದು?" ಭಾವ ಬಿಡಲಿಲ್ಲ.

ನನ್ನ ಹೊಟ್ಟೆಪಾಡಿನ ಕೆಲಸ ಅದೇ. ಸಮುದ್ರದ ತಳದಲ್ಲಿ ಕೋಟಿಗಟ್ಟಲೆ ವರ್ಷ ಹೂಳು ತುಂಬಿ ಆದ ದೊಡ್ಡ ತಗ್ಗುಗಳಿರುತ್ತವೆ. ಅವಕ್ಕೆ ಬೇಸಿನ್ ಅನ್ನುತ್ತೇವೆ. ಒಂದು ಪದರ ಯಾವಾಗ ಎಷ್ಟು ಆಳದಲ್ಲಿತ್ತು, ಆಗ ಎಷ್ಟು ಬಿಸಿಯಾಗಿತ್ತು ಅನ್ನುವ ಕಥೆಯನ್ನು ಹಿಂದಕ್ಕೆ ಓಡಿಸಿ ನೋಡುವುದು ನಮ್ಮ ಕೆಲಸ. ಎಣ್ಣೆ ಹುಡುಕುವವರಿಗೆ ಇದು ಬೇಕೇಬೇಕು. ಯಾಕೆಂದರೆ ಎಣ್ಣೆ ನೆಲದಲ್ಲಿ ಸುಮ್ನೆ ಇರುವುದಿಲ್ಲ. ಕೆಸರಿನ ಜೊತೆ ಹೂತುಹೋದ ಪಾಚಿ, ಎಲೆ, ಮರದ ಚೂರು ಹದವಾಗಿ ಬೆಂದರೆ ಮಾತ್ರ ಎಣ್ಣೆ. ಬೇಯದಿದ್ದರೆ ಬರೀ ಕಪ್ಪು ಜೇಡಿಕಲ್ಲು. ಜಾಸ್ತಿ ಬೆಂದರೆ ಗ್ಯಾಸ್.

ಭಾವನಿಗೆ ನಾನು ಹೇಳಿದ್ದು ಪಾಕದ ಲೆಕ್ಕ. ಬೆಲ್ಲದ ಪಾಕ ಒಂದೆಳೆ ಬಂದ ಮೇಲೆ ಒಲೆ ಆರಿಸಿ. ಪಾತ್ರೆ ತಣ್ಣಗಾಗುತ್ತದೆ, ಆದರೆ ಪಾಕ ತಾನಾಗಿ ಮತ್ತೆ ಬೆಲ್ಲದ ನೀರಾಗುವುದಿಲ್ಲ. ಮಾರನೇ ದಿನ ಬಂದು ಬೆರಳಲ್ಲಿ ಮುಟ್ಟಿ ನೋಡಿದವರಿಗೂ ನಿನ್ನೆ ಎಲ್ಲಿವರೆಗೆ ಕಾಯಿಸಿದ್ದರು ಅಂತ ಗೊತ್ತಾಗುತ್ತದೆ. ಕಲ್ಲಿನೊಳಗೂ ಇಂಥ ಒಂದು ಪಾಕ ಇದೆ. ಅದರ ಹೆಸರು ವಿಟ್ರಿನೈಟ್. ಮರದ ಚೂರು ಹೂತು, ಕಾದು, ಕಲ್ಲಿದ್ದಲಿನಂಥ ಕಣವಾಗಿರುತ್ತದೆ. ಬಿಸಿ ತಾಗಿದಷ್ಟೂ ಅದು ಹೊಳಪಾಗುತ್ತದೆ. ತಣ್ಣಗಾದರೂ ಆ ಹೊಳಪು ಹೋಗುವುದಿಲ್ಲ.

ಅಳೆಯುವ ರೀತಿ ಹೀಗೆ. ಕಡಲಿನಲ್ಲಿ ಬಾವಿ ಕೊರೆಯುವಾಗ ಕಲ್ಲಿನ ಪುಡಿ ಕೊರೆಯುವ ಕೆಸರಿನ ಜೊತೆ ಮೇಲೆ ಬರುತ್ತದೆ. ಅದನ್ನು ತೊಳೆದು, ಒಣಗಿಸಿ, ಆಳ ಬರೆದ ಬಟ್ಟೆಯ ಚೀಲದಲ್ಲಿ ಹಾಕಿ ಕಳಿಸುತ್ತಾರೆ. ಲ್ಯಾಬಿನಲ್ಲಿ ಕಪ್ಪು ಕಣಗಳನ್ನು ಆರಿಸಿ ರೆಸಿನ್‌ನಲ್ಲಿ ಕೂರಿಸುತ್ತೇವೆ. ಕನ್ನಡಿಯ ಹಾಗಾಗುವವರೆಗೆ ಉಜ್ಜುತ್ತೇವೆ. ಮೇಲೊಂದು ತೊಟ್ಟು ಎಣ್ಣೆ ಬಿಟ್ಟು ಮೈಕ್ರೋಸ್ಕೋಪಿನಡಿ ಹಸಿರು ಬೆಳಕು ಹಾಯಿಸುತ್ತೇವೆ. ನೂರು ಪಾಲು ಬೆಳಕು ಬಿದ್ದರೆ ಎಷ್ಟು ವಾಪಸ್ ಬಂತು ಅನ್ನುವುದೇ ಲೆಕ್ಕ. ಬರುವುದು ಬಹಳ ಕಡಿಮೆ. ಈಗಷ್ಟೇ ಹೂತ ಹಸಿ ಕಣ 0.2 ಆಸುಪಾಸು ಕೊಡುತ್ತದೆ. 0.6 ಬಂದರೆ ಎಣ್ಣೆಯ ಹದ ಶುರು. 1.3 ದಾಟಿತೋ, ಎಣ್ಣೆಯ ಕಾಲ ಮುಗಿಯಿತು, ಇನ್ನು ಗ್ಯಾಸೇ. ಅಳತೆಗೆ ಮುಂಚೆ ಮೈಕ್ರೋಸ್ಕೋಪನ್ನು ಸರಿಹೊಂದಿಸಲು 0.59ರ ಒಂದು ನೀಲಮಣಿ ಚೂರು ಇಟ್ಟುಕೊಳ್ಳುತ್ತೇವೆ. ಹುಟ್ಟಿದ ಮೇಲೆ ನಾನು ದಿನಾ ಮುಟ್ಟಿದ ಏಕೈಕ ನೀಲಮಣಿ ಅದು. ಅದೂ ಫ್ಯಾಕ್ಟರಿಯಲ್ಲಿ ಮಾಡಿದ್ದು!

ಇದರಲ್ಲಿ ಏಮಾರುವುದು ಬಹಳ ಸುಲಭ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬಾವಿಯ 3,000 ಮೀಟರಿನ ಸ್ಯಾಂಪಲ್‌ನಲ್ಲಿ ನನಗೆ 0.35 ಬಂತು. ಅದಕ್ಕಿಂತ 500 ಮೀಟರ್ ಮೇಲಿನ ಸ್ಯಾಂಪಲ್ 0.6 ಕೊಟ್ಟಿತ್ತು. ಕೆಳಗಿನದು ಮೇಲಿನದಕ್ಕಿಂತ ಹಸಿ ಇರುವುದು ಹೇಗೆ? ನಾನು ಎರಡು ದಿನ ಕೂತು ಅದಕ್ಕೊಂದು ದೊಡ್ಡ ಸಿದ್ಧಾಂತ ಕಟ್ಟಿದೆ. ನಮ್ಮ ಹಿರಿಯರೊಬ್ಬರು ಕಾಗದ ನೋಡಿ, "ಮಡ್ ರಿಪೋರ್ಟ್ ನೋಡಿದ್ರಾ?" ಅಂತ ಮಾತ್ರ ಕೇಳಿದರು. ನೋಡಿರಲಿಲ್ಲ. ಕೊರೆಯುವ ಕೆಸರು ಹದವಾಗಿ ಹರಿಯಲಿ ಅಂತ ಅದಕ್ಕೆ ಲಿಗ್ನೈಟ್, ಅಂದರೆ ಎಳೆಯ ಕಲ್ಲಿದ್ದಲಿನ ಪುಡಿ ಬೆರೆಸುವುದುಂಟು. ಆ ಆಳದಲ್ಲಿ ಬೆರೆಸಿದ್ದರು. ನಾನು ಅಳೆದದ್ದು ಸಮುದ್ರದಡಿಯ ಕಲ್ಲನ್ನಲ್ಲ, ಚೀಲದಿಂದ ಸುರಿದ ಕಲ್ಲಿದ್ದಲನ್ನು. ಅಂದಿನಿಂದ ಮೊದಲು ಮಡ್ ರಿಪೋರ್ಟ್, ಆಮೇಲೆ ಮೈಕ್ರೋಸ್ಕೋಪ್.

ಇನ್ನು ಕಾಲದ ವಿಷಯ. ಬೇಳೆಯನ್ನು ಜೋರು ಉರಿಯಲ್ಲಿ ಸ್ವಲ್ಪ ಹೊತ್ತು ಬೇಯಿಸಬಹುದು, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಬಹುದು. ಕಲ್ಲಿಗೂ ಹಾಗೇ. 1971ರಲ್ಲಿ ರಷ್ಯಾದ ಲೋಪಾಟಿನ್ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. 1980ರಲ್ಲಿ ಅಮೆರಿಕದ ವೇಪಲ್ಸ್ ಅದನ್ನು ತಿದ್ದಿ ಎಲ್ಲರ ಕೈಗೆ ಸಿಗುವಂತೆ ಮಾಡಿದರು. ಪ್ರತಿ 10 ಡಿಗ್ರಿಗೆ ಬೇಯುವ ವೇಗ ಎರಡು ಪಟ್ಟಾಗುತ್ತದೆ ಅನ್ನುವುದು ಅದರ ತಿರುಳು. 100ರಿಂದ 110 ಡಿಗ್ರಿಯಲ್ಲಿ 10 ಲಕ್ಷ ವರ್ಷ ಕಳೆದರೆ 1 ಅಂಕ. 110ರಿಂದ 120 ಡಿಗ್ರಿಯಲ್ಲಿ ಅಷ್ಟೇ ಕಾಲಕ್ಕೆ 2 ಅಂಕ. 120 ದಾಟಿದರೆ 4. ಒಟ್ಟು 15 ಅಂಕಕ್ಕೆ ಎಣ್ಣೆ ಶುರು.

ಈಗ ಎರಡು ಬಾವಿ ಊಹಿಸಿಕೊಳ್ಳಿ. ಎರಡರಲ್ಲೂ ಒಂದೇ ಜಾತಿಯ ಕಪ್ಪು ಜೇಡಿಕಲ್ಲು ಇವತ್ತು 3 ಕಿಲೋಮೀಟರ್ ಆಳದಲ್ಲಿದೆ. ತಳದ ನೀರು 25 ಡಿಗ್ರಿ, ಕಿಲೋಮೀಟರಿಗೆ 30 ಡಿಗ್ರಿಯಂತೆ ಏರಿಕೆ. ಅಂದರೆ ಎರಡೂ ಕಡೆ 115 ಡಿಗ್ರಿ. ಒಂದು ಕಡೆಯ ಕಲ್ಲು 30 ಲಕ್ಷ ವರ್ಷದ ಹಿಂದೆ ಧಡಕ್ಕನೆ ಆ ಆಳಕ್ಕೆ ಇಳಿಯಿತು. ಮೂರೆರಡಲೆ ಆರು. ದಾರಿಯಲ್ಲಿ ಸಿಕ್ಕ ಚಿಲ್ಲರೆ ಸೇರಿಸಿದರೂ ಎಣ್ಣೆ ಇಲ್ಲ. ಇನ್ನೊಂದು ಕಡೆ ಅದು 6 ಕೋಟಿ ವರ್ಷದಿಂದ ಅಲ್ಲೇ ಕೂತಿದೆ. 120 ಅಂಕ. ಎಣ್ಣೆ ಬಂದು, ಹೊರಟೂ ಹೋಗಿರಬಹುದು. ಇವತ್ತಿನ ಆಳ, ಇವತ್ತಿನ ಬಿಸಿ ಎರಡನ್ನೂ ಕರಾರುವಾಕ್ಕಾಗಿ ಅಳೆದರೂ ನಮಗೆ ಸಿಕ್ಕಿದ್ದು ಕಥೆಯ ಕೊನೇ ಪುಟ ಮಾತ್ರ. ಲೋಪಾಟಿನ್ ಲೆಕ್ಕ ಈಗ ಹಳತಾಗಿದೆ. 1990ರಲ್ಲಿ ಸ್ವೀನಿ ಮತ್ತು ಬರ್ನ್‌ಹ್ಯಾಮ್ ಕೊಟ್ಟ ರಸಾಯನಶಾಸ್ತ್ರದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಓಡಿಸುತ್ತೇವೆ. ಆದರೂ ಕಾಗದದ ಅಂಚಿನಲ್ಲಿ ಮೊದಲ ಅಂದಾಜು ಹಾಕುವಾಗ ನಾನು ಇವತ್ತಿಗೂ ಲೋಪಾಟಿನ್ ಕಡೆಯವನೇ.

ಹಾಗಾದರೆ ಹಳೆಯ ಆಳ ಕಂಡುಹಿಡಿಯುವುದು ಹೇಗೆ? ಇಲ್ಲಿ ಮುಂಬೈಯವರಿಗೆ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಗಿನ 8 ಗಂಟೆಯ ಫಾಸ್ಟ್ ಲೋಕಲ್ ಸಾಕು. ಕಲ್ಯಾಣದಲ್ಲಿ ಜನ ಆರಾಮಾಗಿ ಕಾಲು ಅಗಲಿಸಿ ನಿಂತಿರುತ್ತಾರೆ. ಡೊಂಬಿವಲಿಯಲ್ಲಿ ಒಂದು ಅಲೆ ಒಳಗೆ ಬಂದಾಗ ಎಲ್ಲರೂ ಗಬಕ್ಕನೆ ಒತ್ತಿಕೊಳ್ಳುತ್ತಾರೆ. ಠಾಣೆಯಲ್ಲಿ ಇನ್ನೂ ಸ್ವಲ್ಪ. ಘಾಟ್‌ಕೋಪರ್‌ಗೆ ಬರುವಾಗ ಎಷ್ಟು ತಳ್ಳಿದರೂ ಒಂದಿಂಚು ಸರಿಯುವುದಿಲ್ಲ. ಕೆಸರೂ ಹೀಗೇ ಒತ್ತಿಕೊಳ್ಳುತ್ತದೆ. ಮೊದಲ ಕೆಲವು ನೂರು ಮೀಟರಿನಲ್ಲಿ ಬೇಗ ಬೇಗ, ಆಮೇಲೆ ನಿಧಾನ. 1930ರಲ್ಲೇ ಏಥಿ ಅನ್ನುವವರು ಇದನ್ನು ಸೂತ್ರಕ್ಕೆ ಇಳಿಸಿದ್ದರು.

ಮುಖ್ಯವಾದದ್ದು ಏನೆಂದರೆ, ಒತ್ತಿದಾಗ ಜನ ಸಣ್ಣಗಾಗುವುದಿಲ್ಲ, ನಡುವಿನ ಸಂದು ಸಣ್ಣಗಾಗುತ್ತದೆ. ಕೆಸರಿನಲ್ಲೂ ಕಣ ಹಾಗೇ ಇರುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ಇವತ್ತು 100 ಮೀಟರ್ ದಪ್ಪದ ಜೇಡಿಕಲ್ಲಿನಲ್ಲಿ 20 ಭಾಗ ಸಂದು ಇದೆ ಅಂದುಕೊಳ್ಳಿ. ಗಟ್ಟಿ ಕಣ 80 ಮೀಟರ್. ಹೊಸದಾಗಿ ಬಿದ್ದಾಗ ಆ ಕೆಸರಿನಲ್ಲಿ 60 ಭಾಗ ನೀರೇ ಇತ್ತು, ಕಣ 40 ಭಾಗ. ಅಂದರೆ ಆ 80 ಮೀಟರ್ ಕಣ 200 ಮೀಟರ್ ದಪ್ಪದ ಕೆಸರಾಗಿ ಬಿದ್ದಿತ್ತು. ಮೇಲಿನ ಪದರವನ್ನು ತೆಗೆಯುವುದು, ಕೆಳಗಿನ ಒಂದೊಂದು ಪದರವನ್ನೂ ಇಷ್ಟಿಷ್ಟೇ ಉಬ್ಬಿಸುವುದು, ಮತ್ತೆ ಅದರ ಕೆಳಗಿನದಕ್ಕೆ ಹೋಗುವುದು. ಹೀಗೆ ಗಾಡಿಯನ್ನು ಘಾಟ್‌ಕೋಪರ್‌ನಿಂದ ಕಲ್ಯಾಣಕ್ಕೆ ಹಿಂದಕ್ಕೆ ಓಡಿಸಿದರೆ ಯಾವ ಕಾಲದಲ್ಲಿ ಯಾವ ಪದರ ಎಷ್ಟು ಆಳದಲ್ಲಿತ್ತು ಅನ್ನುವ ಗೆರೆ ಸಿಗುತ್ತದೆ. ಪದರಗಳ ವಯಸ್ಸು ಅವುಗಳಲ್ಲಿರುವ ಸಣ್ಣ ಚಿಪ್ಪುಜೀವಿಗಳಿಂದ ಗೊತ್ತಾಗುತ್ತದೆ.

ತಗ್ಗು ಕುಸಿದದ್ದು ಯಾಕೆ ಅನ್ನುವುದು ಇನ್ನೊಂದು ಪ್ರಶ್ನೆ. ಹಗ್ಗದ ಮಂಚದ ಮೇಲೆ ಕೂತರೆ ಅದು ಜಗ್ಗುತ್ತದೆ. ಸ್ವಲ್ಪ ನಮ್ಮ ಭಾರಕ್ಕೆ, ಸ್ವಲ್ಪ ಹಗ್ಗವೇ ಸಡಿಲವಾಗಿದ್ದಕ್ಕೆ. ಹೂಳಿನ ಭಾರದ ಪಾಲನ್ನು ಕಳೆದರೆ ಉಳಿಯುವುದು ಭೂಮಿಯದೇ ಕುಸಿತ. 1978ರಲ್ಲಿ ಮೆಕೆಂಜಿ ಇದಕ್ಕೆ ಒಂದು ಚೆಂದದ ವಿವರಣೆ ಕೊಟ್ಟರು. ಭೂಮಿಯ ಹೊರಪದರ ಎಳೆದು ತೆಳ್ಳಗಾದಾಗ ಕೆಳಗಿನ ಬಿಸಿ ಮೇಲಕ್ಕೆ ಬರುತ್ತದೆ, ನೆಲ ಒಮ್ಮೆ ಕುಸಿಯುತ್ತದೆ. ಆಮೇಲೆ ಆ ಬಿಸಿ ಆರುತ್ತಾ ಆರುತ್ತಾ ನೆಲ ಮತ್ತೆ ನಿಧಾನಕ್ಕೆ ಇಳಿಯುತ್ತದೆ. ನೂರು ಕಿಲೋಮೀಟರಿಗೂ ದಪ್ಪದ ಹಲಗೆ ಅದು. ಆಗಲೇ ಹೇಳಿದ ದಪ್ಪದ ಲೆಕ್ಕ ನೆನಪಿದೆಯಲ್ಲ? ಆ ಬಿಸಿಯ ಮೂರನೇ ಎರಡು ಪಾಲು ಇಳಿಯಲು ಸುಮಾರು 6 ಕೋಟಿ ವರ್ಷ ಬೇಕು. ಲಾವಾದ ಬಿಸಿ ಎಂದೋ ಆರಿತು, ಆದರೆ ಎಳೆದು ಹರಿದ ನೆಲದ ಬಿಸಿ ಅಷ್ಟು ಬೇಗ ಆರುವುದಿಲ್ಲ. ಹಾಗಾಗಿ ಹಿಂದಿನ ಕಾಲಕ್ಕೂ ಕಿಲೋಮೀಟರಿಗೆ 30 ಡಿಗ್ರಿ ಅಂತ ಕಣ್ಣುಮುಚ್ಚಿ ಹಾಕುವಂತಿಲ್ಲ.

ಇವತ್ತಿನ ಬಿಸಿ ಅಳೆಯುವುದೇ ಒಂದು ಪಾಡು ಅಂದರೆ ಹೊರಗಿನವರು ನಂಬುವುದಿಲ್ಲ. ಬಾವಿಯೊಳಗೆ ಥರ್ಮಾಮೀಟರ್ ಇಳಿಸಿದರೆ ಸಾಲದಾ? ಸಾಲದು. ಕೊರೆಯುವಾಗ ಓಡಾಡುವ ಕೆಸರು ತಳವನ್ನು ತಣ್ಣಗೆ ಮಾಡಿರುತ್ತದೆ. ಕೆಸರು ನಿಲ್ಲಿಸಿದ 6 ಗಂಟೆಗೆ ಒಂದು ಓದು, 12 ಗಂಟೆಗೆ ಇನ್ನೊಂದು, 18 ಗಂಟೆಗೆ ಮತ್ತೊಂದು. ಪ್ರತಿ ಸಲ ಏರಿರುತ್ತದೆ. ಆ ಏರಿಕೆ ಎಲ್ಲಿ ನಿಲ್ಲುತ್ತದೆ ಅಂತ ಗೆರೆ ಎಳೆದು ಹೇಳಬೇಕು. ಬರೀ ಮೊದಲ ಓದನ್ನು ನಂಬಿದವರ ಕಥೆ ಪೂರ್ತಿ ಹಸಿಯಾಗುತ್ತದೆ.

ವಿಟ್ರಿನೈಟ್‌ಗೆ ಒಂದು ದೊಡ್ಡ ಕೊರತೆಯಿದೆ. ಎಷ್ಟು ಬೆಂದೆ ಅಂತ ಹೇಳುತ್ತದೆ, ಯಾವಾಗ ಅಂತ ಹೇಳುವುದಿಲ್ಲ. ಪಾಕ ಮುಟ್ಟಿ ನೋಡಿದರೆ ಒಲೆ ನಿನ್ನೆ ಆರಿತಾ ಮೊನ್ನೆ ಆರಿತಾ ಗೊತ್ತಾಗುವುದಿಲ್ಲ, ಹಾಗೆ. ಅದಕ್ಕೆ ಬೇರೆ ಸಾಕ್ಷಿ ಬೇಕು. ನನಗೆ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಇಷ್ಟವಾದದ್ದು ಈ ಸಾಕ್ಷಿ.

ಮರಳುಗಲ್ಲಿನಲ್ಲಿ ಅಪಟೈಟ್ ಅನ್ನುವ ಸಣ್ಣ ಹರಳು ಇರುತ್ತದೆ. ನಮ್ಮ ಹಲ್ಲು, ಮೂಳೆಯಲ್ಲಿರುವ ವಸ್ತುವಿಗೆ ಹತ್ತಿರದ ನೆಂಟ. ಅದರೊಳಗೆ ಚೂರೇಚೂರು ಯುರೇನಿಯಂ. ಆಗೊಮ್ಮೆ ಈಗೊಮ್ಮೆ ಒಂದು ಯುರೇನಿಯಂ 238 ಪರಮಾಣು ತಾನಾಗಿ ಒಡೆದು ಎರಡು ಹೋಳಾಗಿ ಸಿಡಿಯುತ್ತದೆ. ಹರಳಿನಲ್ಲಿ ಒಂದು ಗೀರು ಬೀಳುತ್ತದೆ. ಹೊಸ ಗೀರಿನ ಉದ್ದ ಯಾವಾಗಲೂ ಸುಮಾರು 16 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು 60 ಪಾಲು ಮಾಡಿದರೆ ಒಂದು ಪಾಲು. ಆಸಿಡ್‌ನಲ್ಲಿ ಅದ್ದಿದರೆ ಗೀರು ಅಗಲವಾಗಿ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಬಿಸಿಯಾದರೆ ಗಾಯ ಮಾಯುತ್ತದೆ, ಗೀರು ಮೋಟಾಗುತ್ತದೆ. 60 ಡಿಗ್ರಿಯ ಕೆಳಗೆ ಮಾಯುವುದು ಬಹಳ ನಿಧಾನ. ಸುಮಾರು 110 ಡಿಗ್ರಿ ದಾಟಿ ಕೂತರೆ ಪೂರ್ತಿ ಅಳಿಸಿಹೋಗುತ್ತದೆ.

ಆದರೆ ಗೀರು ಬೀಳುವುದು ನಿಲ್ಲುವುದೇ ಇಲ್ಲ. ಹೊಸದು ಬೀಳುತ್ತಲೇ ಇರುತ್ತದೆ. ಕಲ್ಲು ಬಿಸಿಯಾಗಿದ್ದ ಕಾಲಕ್ಕೆ ಮುಂಚೆ ಬಿದ್ದವೆಲ್ಲ ಮೋಟು, ತಣ್ಣಗಾದ ಮೇಲೆ ಬಿದ್ದವೆಲ್ಲ ಉದ್ದ. ಒಂದು ಸ್ಯಾಂಪಲ್‌ನಲ್ಲಿ ನೂರು ಗೀರು ಅಳೆದು ಎಷ್ಟು ಮೋಟು, ಎಷ್ಟು ಉದ್ದ ಅಂತ ಗುಂಪು ಮಾಡಿದರೆ ಕಲ್ಲು ಯಾವಾಗ ತಣ್ಣಗಾಯಿತು, ಸರ್ರನೆ ಆಯಿತಾ ನಿಧಾನಕ್ಕಾ ಅನ್ನುವುದು ಹೊರಬರುತ್ತದೆ. ವಿಟ್ರಿನೈಟ್ ಎಷ್ಟು ಅನ್ನುತ್ತದೆ, ಅಪಟೈಟ್ ಯಾವಾಗ ಅನ್ನುತ್ತದೆ. ಎರಡಕ್ಕೂ ಒಪ್ಪುವ ಕಥೆ ಹುಡುಕಬೇಕು.

ಇನ್ನೊಂದು ಉಪಯೋಗ ಇದೆ, ಕಳೆದುಹೋದ ಕಲ್ಲನ್ನು ಅಳೆಯುವುದು. ನೆಲ ಮೇಲೆದ್ದು ಮಳೆ, ಹೊಳೆ ಸೇರಿ ಮೇಲಿನ ಪದರ ಕೊಚ್ಚಿಕೊಂಡು ಹೋದರೆ ಆ ಪದರ ಎಷ್ಟು ದಪ್ಪ ಇತ್ತು? ಕಣ್ಣೆದುರು ಇಲ್ಲದ್ದನ್ನು ಹೇಗೆ ಅಳೆಯುವುದು? ನೆಲದ ಮೇಲೆಯೇ ಸಿಕ್ಕ ಕಣ 0.2ರ ಬದಲು 0.5 ತೋರಿಸಿದರೆ ಅದು ಹಿಂದೆ ಆಳದಲ್ಲಿ ಕಾದಿದೆ ಅಂತಲೇ ಅರ್ಥ. ಆಳ ಹೆಚ್ಚಿದಂತೆ ಹೊಳಪು ಏರುವ ಗೆರೆಯನ್ನು ಗಾಳಿಯಲ್ಲಿ ಮೇಲಕ್ಕೆ ಎಳೆಯಿರಿ. ಅದು 0.2ಕ್ಕೆ ಎಲ್ಲಿ ಮುಟ್ಟುತ್ತದೋ ಅಲ್ಲಿತ್ತು ಹಳೆಯ ನೆಲ.

ಇದನ್ನೆಲ್ಲ ನಮ್ಮ ಮನೆ ಬಾಗಿಲಿನ ಕಡಲಿಗೆ ಹಚ್ಚಿ ನೋಡೋಣ. 1974ರಲ್ಲಿ ಸಾಗರ್ ಸಮ್ರಾಟ್ ಅನ್ನುವ ಕಡಲಲ್ಲಿ ಕೊರೆಯುವ ರಿಗ್ ಕೊರೆದ ಬಾವಿಯಲ್ಲಿ, ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಡಿಯಲ್ಲಿ ಎಣ್ಣೆ ಸಿಕ್ಕಿತು. ಅದೇ ಮುಂಬೈ ಹೈ. ಎಣ್ಣೆ ಇರುವುದು ಹೆಚ್ಚಾಗಿ ಸುಮಾರು 2 ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನಲ್ಲಿ. ಆದರೆ ಎಣ್ಣೆ ಅಲ್ಲಿ ಹುಟ್ಟಿದ್ದಲ್ಲ. ಆ ಸುಣ್ಣಕಲ್ಲು ಕೊಡಪಾನ, ಒಲೆ ಬೇರೆ ಕಡೆ. ಲಾವಾ ಹರಿದು ಮುಗಿದ ಮೇಲೆ, 6ರಿಂದ 5 ಕೋಟಿ ವರ್ಷದ ಹಿಂದೆ, ಸುತ್ತಲಿನ ತಗ್ಗುಗಳಲ್ಲಿ ಜೇಡಿ ಮತ್ತು ಕಲ್ಲಿದ್ದಲಿನ ಪದರಗಳು ತುಂಬಿದವು. ಅದಕ್ಕೆ ಪನ್ನಾ ಪದರ ಅನ್ನುತ್ತಾರೆ. ಮೇಲೆ ಸುಣ್ಣಕಲ್ಲು ಬಿತ್ತು, ಅದರ ಮೇಲೆ ಮತ್ತೆ ದಪ್ಪ ಜೇಡಿಯ ಕಂಬಳಿ. ಪನ್ನಾ ಕೆಳಗೆ ಇಳಿಯುತ್ತಾ ಬೆಂದಿತು. ಎಣ್ಣೆ ತಗ್ಗಿನಿಂದ ಎತ್ತರಕ್ಕೆ ಸರಿದು ಬಂತು.

ಇಲ್ಲೇ ಸಮಯದ ಆಟ ಇರುವುದು. 2 ಕೋಟಿ ವರ್ಷದ ಕೊಡಪಾನಕ್ಕೆ 4 ಕೋಟಿ ವರ್ಷದ ಹಿಂದೆ ನೀರು ತುಂಬಲು ಆಗುತ್ತದಾ? ಆ ಎಣ್ಣೆ ಅಲ್ಲಿ ಬಂದು ಸೇರಿದ್ದು ಸುಣ್ಣಕಲ್ಲು ಆದ ಮೇಲೆ, ಅದರ ಮೇಲೆ ಜೇಡಿಯ ಮುಚ್ಚಳ ಬಿದ್ದ ಮೇಲೆಯೇ. ಇನ್ನೊಂದು ಬೇಸಿನ್‌ನಲ್ಲಿ ಇಷ್ಟೇ ಒಳ್ಳೆಯ ಒಲೆ, ಇಷ್ಟೇ ಒಳ್ಳೆಯ ಕೊಡಪಾನ ಇದ್ದೂ ಅಡುಗೆ ಮೊದಲೇ ಮುಗಿದು ಎಣ್ಣೆ ಸಮುದ್ರಕ್ಕೆ ಸೋರಿಹೋಗಿದ್ದರೆ, ಕೋಟಿಗಟ್ಟಲೆ ರೂಪಾಯಿ ಸುರಿದು ಕೊರೆದರೂ ಸಿಗುವುದು ಉಪ್ಪುನೀರು.

ಕಂಪ್ಯೂಟರ್ ಈ ಕಥೆಯನ್ನು ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿ ತೋರಿಸುತ್ತದೆ. ಮೀಟಿಂಗ್‌ನಲ್ಲಿ ಎಲ್ಲರೂ ತಲೆದೂಗುತ್ತಾರೆ. ನನಗೆ ಆ ಬಣ್ಣಗಳ ಮೇಲೆ ಸ್ವಲ್ಪ ಸಿಟ್ಟಿದೆ. ಅಳತೆಗೆ ಹೊಂದಿದ ಮಾತ್ರಕ್ಕೆ ಕಥೆ ನಿಜವಾಗುವುದಿಲ್ಲ. ಒಂದು ಸ್ಯಾಂಪಲ್‌ನ ವಿಟ್ರಿನೈಟ್ 0.8 ಕೊಟ್ಟಿತು ಅಂದುಕೊಳ್ಳಿ. ಒಂದು ಕಿಲೋಮೀಟರ್ ಕಲ್ಲು ಕೊಚ್ಚಿಹೋಗಿತ್ತು ಅಂದರೂ ಆ 0.8 ಬರುತ್ತದೆ. ಏನೂ ಕೊಚ್ಚಿಹೋಗಿಲ್ಲ, ಆಗ ನೆಲವೇ ಜಾಸ್ತಿ ಬಿಸಿಯಾಗಿತ್ತು ಅಂದರೂ ಅದೇ 0.8. ಹಾಗಾಗಿ ಒಂದು ಉತ್ತರ ಕೇಳಿದವರಿಗೆ ನಾನು ಎರಡು ಗೆರೆ ಕೊಡುತ್ತೇನೆ. ನಡುವೆ ಎಲ್ಲೋ ಇದೆ ಅನ್ನುತ್ತೇನೆ. ಅವರಿಗೆ ಇಷ್ಟವಾಗುವುದಿಲ್ಲ, ಅಲ್ವಾ?

ಭಾವನಿಗೆ ಇಷ್ಟು ಹೇಳುವಷ್ಟರಲ್ಲಿ ನೀರಿಗೆ ಕಾಲು ಹೊಂದಿಕೊಂಡಿತ್ತು. "ಸರಿ, ಈ ಲಾವಾ ಕಲ್ಲಿನ ಕೆಳಗೆ ಏನಿದೆ?" ಅಂದರು. ಒಳ್ಳೆಯ ಪ್ರಶ್ನೆ. ಕಚ್ಛ್, ಸೌರಾಷ್ಟ್ರದ ಕಡೆ ಲಾವಾದ ಕೆಳಗೆ ಡೈನೋಸಾರ್‌ಗಳ ಕಾಲದ ಹೂಳಿನ ಪದರಗಳಿವೆ. ಅಂಥ ಪದರಗಳ ಮೇಲೆ ಲಾವಾ ಬಿದ್ದಾಗ ಎರಡು ಸಂಗತಿ ನಡೆಯುತ್ತವೆ. ತಾಗಿದ ಜಾಗದಲ್ಲಿ ಕೆಲವು ಮೀಟರ್ ಸುಟ್ಟು ಕರಕಲಾಗುತ್ತದೆ, ಅದು ಸಣ್ಣ ವಿಷಯ. ದೊಡ್ಡದು ಹೊದಿಕೆಯದು. ಲಾವಾ ಪದರದ ಮೇಲೆ ಪದರ ಬಿದ್ದು ಬೆಳೆದ ಹಾಗೆ ಕೆಳಗಿನ ಕಲ್ಲು ಒಂದೆರಡು ಕಿಲೋಮೀಟರ್ ಆಳಕ್ಕೆ ಹೋದಂತಾಯಿತು. ಹೂಳು ತುಂಬಿ ಆಗಬೇಕಾದರೆ ಕೋಟಿ ವರ್ಷ ಹಿಡಿಯುವ ಕೆಲಸ ಅಲ್ಲಿ ಕೆಲವು ಲಕ್ಷ ವರ್ಷಗಳಲ್ಲಿ ಮುಗಿದಿತ್ತು.

"ಹಾಗಾದರೆ ಅದು ಬೆಂದಿದೆಯಾ?"

"ಲಾವಾ ಬೀಳುವ ಮುಂಚೆಯೇ ಎಷ್ಟು ಬೆಂದಿತ್ತು ಅನ್ನುವುದರ ಮೇಲೆ ಹೋಗುತ್ತದೆ ಭಾವ."

ಅಕ್ಕ ದೂರದಿಂದ ಕೈಬೀಸಿ ಕರೆಯುತ್ತಿದ್ದರು. ಭಾವ ಪಂಚೆ ಎತ್ತಿ ಕಟ್ಟಿ ಮೇಲೆ ಬಂದರು. ಮೊಣಕಾಲಿನವರೆಗೆ ಕಾಲು ಕೆಂಪಗಾಗಿತ್ತು.